ಸ್ವಿಚ್ಚಿಗೆ ಹಾಕಿದ ವಲ್ಲಿ

ದಶರಥರ ಹೆಂಡತಿ ಮಾಣಿಕಮ್ಮನವರೇ, ಅವರ ಮಗಳೇ ಮೈತ್ರಿ, ಭಂಕೂರಿನಿಂದ ಬಂದ ಬಂಧುಗಳೇ, ಕಾರ್ಖಾನೆಯ ಹಿರಿಯರೇ, ನನ್ನ ಪಾಳಿಯ ಗೆಳೆಯರೇ — ದಶರಥರನ್ನು ನೆನೆಯಲು ಬಂದ ಎಲ್ಲರಿಗೂ ಜೈಭೀಮ್, ಶರಣು. ಕುಂದ್ರಿ, ಹಿಂದಿನವರೂ ಕುಂದ್ರಿ.

ವಾಡಿಯ ಈ ಸಿಮೆಂಟ್ ಕಾರ್ಖಾನೆಯಲ್ಲಿ ದಶರಥ ಮತ್ತು ನಾನು ದೊಡ್ಡ ಫ್ಯಾನುಗಳನ್ನು ನೋಡಿಕೊಂಡವರು. ನಮ್ಮಲ್ಲೊಂದು ರೂಢಿ — ರಿಪೇರಿಗೆ ಫ್ಯಾನಿನೊಳಗೆ ಇಳಿಯುವವನು ಬೆವರು ಒರೆಸುವ ಹೆಗಲ ಮೇಲಿನ ವಲ್ಲಿ ತೆಗೆದು ಹೊರಗಿನ ಸ್ವಿಚ್ಚಿಗೆ ಹಾಕಬೇಕು. ಹಾಕಿದವನೇ ತೆಗೆಯಬೇಕು. ವಲ್ಲಿ ಇದ್ದ ಸ್ವಿಚ್ಚನ್ನು ಯಾವ ಸಾಹೇಬರೂ ಮುಟ್ಟುತ್ತಿರಲಿಲ್ಲ.

ಹೋದ ವರ್ಷ ಹಸಿರು ಸಾಲ ಬಂತು. ಇಂಗಾಲ ಇಳಿಸಿದರೆ ಬಡ್ಡಿಯೂ ಇಳಿಯುವ ಸಾಲ. ಅದರಲ್ಲಿ ಕಂಪ್ಯೂಟರ್ ಬಂತು. ಬೇಕಾದಷ್ಟೇ ಫ್ಯಾನು ತಿರುಗಿಸುತ್ತದೆ — ಸ್ವಿಚ್ಚು ಮುಟ್ಟದೆ ತಾನೇ ಬಂದ್, ತಾನೇ ಚಾಲೂ. ಸುಳ್ಳು ಯಾಕೆ ಹೇಳಲಿ? ಕರೆಂಟು ಉಳಿಯಿತು, ಕಲ್ಲಿದ್ದಲು ಉಳಿಯಿತು. "ನಮ್ಮ ಫ್ಯಾನಿಗಿ ಬುದ್ಧಿ ಬಂತು ನೋಡ್ರಿ" ಅಂತ ದಶರಥರೇ ಊರೆಲ್ಲ ಹೇಳಿಕೊಂಡು ತಿರುಗಿದರು.

ಆದರೆ ಆ ಬುದ್ಧಿವಂತನಿಗೆ ವಲ್ಲಿ ಕಾಣುವುದಿಲ್ಲ. ಫ್ಯಾನಿನ ಹತ್ತಿರವೇ ಕರೆಂಟು ಕಡಿದು ಹಾಕುವ ಬೀಗ ಕೊಡಿ ಎಂದು ಕೇಳಿದೆವು. ಬೀಗದಿಂದ ಇಂಗಾಲ ಕಡಿಮೆಯಾಗುವುದಿಲ್ಲ, ಈ ಸಾಲದಲ್ಲಿ ಅದು ಬರುವುದಿಲ್ಲ ಎಂದರು.

ಆ ಗುರುವಾರ ದಶರಥ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಫ್ಯಾನು ಬಂದ್ ಮಾಡಿಸಿದರು. ರೂಢಿಯಂತೆ — ಹೀಗೆ — ವಲ್ಲಿಯನ್ನೂ ಸ್ವಿಚ್ಚಿಗೆ ಹಾಕಿದರು. ಒಳಗೆ ಇಳಿದರು. ಸಿಮೆಂಟ್ ಸುಡುವ ಗೂಡಿಗೆ ಗಾಳಿ ಬೇಕಾಯಿತು. ಕಂಪ್ಯೂಟರ್ ಯಾರನ್ನೂ ಕೇಳಲಿಲ್ಲ, ಚಾಲೂ ಮಾಡಿತು.

ವಲ್ಲಿ ಇನ್ನೂ ಅಲ್ಲೇ ಇದೆ. ಸೋಮವಾರ ಬ್ಯಾಂಕಿನವರು ಹಸಿರು ಯಂತ್ರ ನೋಡಲು ಬರುತ್ತಾರಂತೆ, ಅದನ್ನು ತೆಗೆಯಿರಿ ಎಂದು ನಿನ್ನೆ ನಮಗೆ ಹುಕುಂ ಆಯಿತು. ನಾವು ಮಾಣಿಕಮ್ಮನವರನ್ನು ಕೇಳಿದೆವು. ಅವರು ಒಂದೇ ಮಾತು ಹೇಳಿದರು — "ಹಾಕಿದವರೇ ಬಂದು ತೆಗೀಲಿ."

ಆಯಿತು ತಾಯಿ. ಬೀಗ ಬರುವ ತನಕ ನಾವ್ಯಾರೂ ಅದನ್ನು ಮುಟ್ಟುವುದಿಲ್ಲ. ಬ್ಯಾಂಕಿನವರೂ ನೋಡಲಿ.

ಇಂಜಿನಿಯರ್ ಸಂತೋಷಕುಮಾರ ಅವರೇ, ತಲೆ ಎತ್ತಿರಿ. ಕೇಳಾಕತ್ತದೇನ್ರಿ — ಅದೇ ಫ್ಯಾನು, ಈಗಲೂ ತಿರುಗಲಿಕತ್ತದ. ನಿಮ್ಮ ಕೈಯಲ್ಲಿರುವ ಮೊಬೈಲಿನಿಂದಲೇ ಅದು ಬಂದ್ ಆಗುತ್ತದೆ. ಅವತ್ತು ಆಗಲಿಲ್ಲ. ಇವತ್ತು ಎರಡು ನಿಮಿಷ ಬಂದ್ ಮಾಡ್ರಿ.

ಎಲ್ಲರೂ ಎದ್ದು ನಿಲ್ಲೋಣ. ಆ ಸದ್ದು ಅಡಗಲಿ. ಅಲ್ಲಿಂದ ನಮ್ಮ ಮೌನ.