ಪಾಲಿಗೆ ಬಂದ ಆಂಪ್ಲಿಫೈಯರ್

ರಿಪೇರಿ ಅಂಗಡಿಯಲ್ಲಿ ನನಗಿಂತ ಮುಂಚೆ ಬಂದ ಅಣ್ಣತಮ್ಮಂದಿರಿಬ್ಬರು ಎದುರು ಬೆಂಚಿನ ಮೇಲೆ ಕೂತಿದ್ದರು. ನಡುವೆ ಒಬ್ಬರು ಕೂರುವಷ್ಟು ಜಾಗ. ಇಬ್ಬರ ತೊಡೆಯ ಮೇಲೂ ಒಂದೇ ಥರದ, ಇಟ್ಟಿಗೆಯಂಥ ಹಳೇ ಆಂಪ್ಲಿಫೈಯರ್ ಮಾಡ್ಯೂಲು.

“ನಿಂದು ಕೆಟ್ಟೋಯ್ತಾ?” ಎಂದ ಅಣ್ಣ.

“ಇಲ್ಲಣ್ಣ. ವೇದಿಕೆಯಿಂದ ಸ್ಪೀಕರ್‌ವರೆಗೆ ಅಷ್ಟುದ್ದ ವೈರಲ್ಲೂ ದನಿ ಸೊರಗಲ್ಲ. ಆದ್ರೆ ಇದಿರೋದು ಎಡಗಡೆ ಸ್ಪೀಕರಿಗೆ ಮಾತ್ರ.”

“ಬಲಗಡೆ?”

“ಹೊಸದು ಹಾಕಿದೀನಿ. ಎಡಗಡೆ ಒಬ್ರು ಹಾಡ್ತಾರೆ, ಬಲಗಡೆ ಇನ್ಯಾರೋ ಹಾಡ್ದಂಗಿರುತ್ತೆ. ಹೊಸದನ್ನ ಇದರ ಥರ ಮಾಡಿಸೋಣ ಅಂತ ಬಂದೆ.”

“ನಾನೂ ಅದಕ್ಕೇ ಬಂದೆ. ನಂದು ಇದು ಬಲಗಡೆಗೆ, ಎಡಗಡೆ ಹಾಕಿರೋ ಹೊಸದು ಹೊಂದ್ತಿಲ್ಲ.”

“ಎರಡೂ ಕಡೆ ಒಂದೇ ಥರ ಕೇಳ್ಲಿ ಅಂತ ಅಪ್ಪ ಇವೆರಡನ್ನೂ ಜೋಡಿ ನೋಡಿ ಆರಿಸಿ ತಂದಿದ್ರು.”

“ಪಾಲು ಮಾಡೋವಾಗ ಹೇಳ್ಬೇಕಿತ್ತು.”

“ನೀನೇ ಹೇಳ್ತೀಯ ಅಂತ ಸುಮ್ನಿದ್ದೆ.”

“ನಾನೂ ಹಂಗೇ ಅಂದ್ಕೊಂಡಿದ್ದೆ.”



“ಶನಿವಾರ ನಂಗೊಂದು ಕಾರ್ಯಕ್ರಮ ಇದೆ,” ಎಂದ ತಮ್ಮ.

“ನಂಗೂ ಶನಿವಾರನೇ.”

ಅಂಗಡಿಯವನು ಮುಂದಿನವರು ಯಾರೆಂದು ಕೂಗಿದ.

“ಇವರದ್ದು ನೋಡಿ,” ಎಂದು ಅಣ್ಣ ನನ್ನತ್ತ ಕೈ ತೋರಿಸಿ ಎದ್ದ. “ಬಾರೋ, ಆಚೆ ಹೋಗಿ ಜಗಳ ಆಡೋಣ.”

ಮಾಡ್ಯೂಲುಗಳೆರಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೊರಟರು.