ಐದು ಗಂಟೆಗೆ ಇಳಿದ ಬಿ.ಪಿ.

೨೦೦೬ರಲ್ಲಿ ಹಾಸನದ ಆಸ್ಪತ್ರೆಯೊಂದರಲ್ಲಿ, ಹೃದಯ ದುರ್ಬಲವಾದವರ ತೋಳಿಗೆ ಇಡೀ ದಿನ ಬಿ.ಪಿ. ಅಳೆಯುವ ಪಟ್ಟಿ ಕಟ್ಟಿ ಪರೀಕ್ಷೆ ಮಾಡುತ್ತಿದ್ದರು. ತನ್ನ ಅಪ್ಪನಿಗೂ ಅದನ್ನು ಕಟ್ಟಿಸಲು ಹೊಳೆನರಸೀಪುರದಿಂದ ಬಂದಿದ್ದ ಶಿಕ್ಷಕಿ ಆರತಿಯ ಪಕ್ಕದಲ್ಲೇ ದುದ್ದದ ಪರಮಶಿವಯ್ಯ ಮತ್ತು ಅವರ ಹೆಂಡತಿ ನಂಜಮ್ಮಣ್ಣಿ ಕೂತಿದ್ದರು. ಪರಮಶಿವಯ್ಯನವರ ಪಟ್ಟಿ ಬಿಚ್ಚಿದ ನರ್ಸ್ ಕೊಟ್ಟ, ಗಂಟೆಗಂಟೆಯ ಬಿ.ಪಿ. ಬರೆದಿದ್ದ ಹಾಳೆ ನಂಜಮ್ಮಣ್ಣಿಯ ಕೈಯಲ್ಲಿತ್ತು.

“ಇಡೀ ದಿನ ಏರೈತೆ. ಸಂಜೆ ಐದಕ್ಕೆ ಮಾತ್ರ ಇಳಿದೈತೆ. ಆಗ ಎಲ್ಲಿದ್ರಿ?”

“ವಾಕಿಂಗ್ ಓಗಿದ್ದೆ.”

“ನಡೆದ್ರೆ ಏರ್ತದಂತೆ. ನರ್ಸಮ್ಮನ್ನ ಕೇಳ್ದೆ.”

ಪರಮಶಿವಯ್ಯ ತೋಳು ಉಜ್ಜಿಕೊಂಡರು. “ಪ್ರೇಮಕುಮಾರಿ ಟೀ ಅಂಗಡೀಲಿ ಕೂತಿದ್ದೆ.”

“ಗೊತ್ತಿತ್ತು ಬಿಡಿ. ನನ್ನ ಮುಂದೆ ಏರೋದು, ಅವಳ ಮುಂದೆ ಇಳಿಯೋದು. ಮಿಷನ್ನೇ ಸಾಕ್ಷಿ ಹೇಳ್ತದೆ.”

ಆರತಿ ಫೈಲಿನ ಮೇಲೆ ತಲೆ ಬಗ್ಗಿಸಿದಳು. ಆದರೂ ಮಾತು ಕಿವಿಗೆ ಬೀಳುತ್ತಲೇ ಇತ್ತು.

“ಅವಳ್ಗೆ ನನ್ನ ಕಾಯಿಲೆ ಗೊತ್ತಿಲ್ಲ ಕಣೆ. ರಾಗಿ, ಮಳೆ ಅಂತ ಏನೋ ಮಾತಾಡ್ತಾಳೆ. ನೀನು ಉಸಿರು ಕಟ್ತಾ, ಕಾಲು ಊದ್ತಾ, ಗುಳಿಗೆ ನುಂಗಿದ್ರಾ ಅಂತೀಯ. ನಿನ್ನ ಮುಖ ನೋಡಿದ್ರೆ ನಾನು ಸತ್ತೇ ಓಯ್ತೀನಿ ಅನ್ನಿಸ್ತದೆ.”

ನಂಜಮ್ಮಣ್ಣಿ ಹಾಳೆಯನ್ನು ಮಡಿಸಿ ಚೀಲದೊಳಗಿಟ್ಟಳು.

“ನಾಳೆ ಐದಕ್ಕೆ ನಾನೂ ಬತ್ತೀನಿ ಆ ಅಂಗಡಿಗೆ.”

“ಜಗಳಕ್ಕಾ?”

“ಅದೆಂಗೆ ಮಾತಾಡ್ತಾಳೋ ನೋಡ್ತೀನಿ. ಅವಳಿಗೆ ಬರೋದು ನನಗೆ ಬರಲ್ವಾ?”

ಒಳಗಿನಿಂದ ಪರಮಶಿವಯ್ಯನವರ ಹೆಸರು ಕೂಗಿದರು. ಅವರು ಎದ್ದಾಗ ನಂಜಮ್ಮಣ್ಣಿ “ನಿಧಾನ” ಎನ್ನಲು ಬಾಯಿ ತೆರೆದು, ತಡೆದುಕೊಂಡು, “ಈ ಸಲ ರಾಗಿ ಎಂಗೈತಂತೆ?” ಎಂದು ಕೇಳುತ್ತ ಅವರ ಜೊತೆ ಒಳಗೆ ನಡೆದಳು.