ಕುತಿಗಿ ಮಸಾಜಿನ ಡಬ್ಬಿ

ಕೂಡೂದಿಲ್ಲ ಅಂದೆ. ಆ ಸ್ಟೂಲ್ ಅಲ್ಲೇ ಇರಲಿ. ಶಹಾಪುರದಿಂದ ಸುರಪುರದ ತನಕ ಬಸ್ಸಿನಾಗ ನಿಂತೇ ಬಂದೀನಿ, ಇನ್ನೊಂದಿಷ್ಟು ಹೊತ್ತು ನಿಂತ್ರ ಕಾಲೇನು ಮುರಿಯೂದಿಲ್ಲ... ಇಲ್ಲ, ಸೀಟು ಖಾಲಿ ಇದ್ವು. ಪಾಠ ಹೇಳಾವ್ರಿಗೆ ನಿಲ್ಲೂದು ರೂಢಿ. ನಮ್ಮ ಕಾಲೇಜಿಗೆ ಬಂದು ನೋಡು, ಮಲ್ಲೇಶ್ವರಿ ಮೇಡಂ ಕುಂತು ಕೆಮಿಸ್ಟ್ರಿ ಹೇಳಿದ್ದು ಯಾರೂ ಕಂಡಿಲ್ಲ.

ಮಾತು ತಿರುಗಸಬ್ಯಾಡ, ಮೌನೇಶ್ವರಿ. ಬಳಿ ಅಂಗಡಿ ಇಟ್ಟೀ, ಬಳಿ ಮಾರು. ಪಿನ್ನು, ರಿಬ್ಬನ್ನು, ಮೆಹಂದಿ, ಏನರ ಮಾರು. ಆ ಪರದೆ ಹಿಂದ ಇಟ್ಟೀಯಲ್ಲ, ಡಬ್ಬಿ... ಯಾವ ಡಬ್ಬಿ ಅಂತಿ? ಹೆಂಗಸೊಬ್ಬಾಕಿ ಕುತಿಗಿ ಹಿಡಕೊಂಡು ನಗಾಕತ್ತಾಳಲ್ಲ, ಆ ಚಿತ್ರದ್ದು. ಕುತಿಗಿ ಮಸಾಜು ಅಂತ. ಯಾರ ಕುತಿಗಿಗೆ ಬೇಕದು? ಡಿಲ್ಡೊ ಅನ್ನು. ಬಾಯಾಗ ಬರೂದಿಲ್ಲ ಅಂದ್ರ ಸಾಮಾನು ಅನ್ನು. ಹೈದರಾಬಾದಿನಿಂದ ಬಳಿ ತರ್ತಾನಲ್ಲ ಸುನೀಲಕುಮಾರ, ಅವ ಕೊಟ್ಟು ಹೋಗ್ಯಾನ ಅಂತ ಹೋದ ತಿಂಗಳು ನೀನೇ ನಕ್ಕೊಂತ ಹೇಳಿದ್ದಿ.

ನಮ್ಮ ಕಾಲೇಜಿನ ಒಬ್ಬಾಕಿ ಒಯ್ದಾಳ. ಹೆಸರು ಬ್ಯಾಡ. ಗಂಡನ್ನ ಬಿಟ್ಟಾಳ, ಒಬ್ಬಾಕೇ ಇರ್ತಾಳ. ಒಯ್ದದ್ದು ತಪ್ಪಂತ ಹೇಳಾಕ ನಾ ಬಂದಿಲ್ಲ. ಮೈ ಆಕೀದು, ಮನಿ ಆಕೀದು, ಯಾರಪ್ಪನ ಗಂಟು ಹೋಗ್ತದ? ನೀ ಮಾರಿದ್ದು ಎಂಥಾದ್ದು ಅಂತ ಕೇಳಾಕ ಬಂದೀನಿ.

ಯಾಕ ನಗಾಕತ್ತಿ?

ನಗು. ಒಂದು ತಗದು ಮೂಸಿ ನೋಡಿ ಆಮ್ಯಾಲ ನಗು. ಸೈಕಲ್ ಟ್ಯೂಬಿನ ವಾಸನಿ. ವಾಸನಿ ಬಂತಂದ್ರ ಅದನ್ನ ಮೆತ್ತಗ ಮಾಡಾಕ ಹಾಕಿದ ರಸಾಯನ ಹೊರಗ ಬರಾಕತ್ತದ ಅಂತ ಅರ್ಥ. ಅಂಥಾದ್ದು ಮೈಯೊಳಗ ಹೋಗಬಾರದು. ಚಲೋ ಸಿಲಿಕೋನ್ ಇರಬೇಕು, ವಾಸನಿ ಇರಬಾರದು, ಬಣ್ಣ ಕೈಗೆ ಹತ್ತಬಾರದು. ಬುಡ ಅಗಲ ಇರಬೇಕು, ಹಿಡಿಯಾಕ ಸಿಗಬೇಕು. ಇದಕ್ಕ ಬುಡಾನೇ ಇಲ್ಲ, ಎರಡೂ ಕಡೆ ಬದನೀಕಾಯಿಯಂಗ ದುಂಡಗ. ಮತ್ತ ಈ ಗೆರಿ ನೋಡು, ಅಚ್ಚಿನ ಗೆರಿ. ಬೆರಳು ಆಡಿಸು. ಉಗುರಿನಂಗ ಕೊರೀತದಿಲ್ಲ? ಮಾರೂ ಮುಂದ ಒಮ್ಮೆ ಬೆರಳು ಆಡಿಸಿದ್ರ ನಿನಗೇನು ಕಷ್ಟ ಆಗ್ತಿತ್ತು?

ಹೌದು, ಆಕೀದೂ ತಪ್ಪದ. ಓದಿದಾಕಿ, ಪಾಲಿಮರ್ ಪಾಠ ಮಾಡ್ತಾಳ, ಮೂಗು ಅಂಬೂದು ಅದ, ಮೂಸಿ ನೋಡಬೇಕಿತ್ತು... ಇಲ್ಲ, ಕೆಮಿಸ್ಟ್ರಿಗೆ ನಾ ಒಬ್ಬಾಕೇ. ಆಕಿ ಫಿಸಿಕ್ಸ್. ಫಿಸಿಕ್ಸಿನಾಗೂ ಪಾಲಿಮರ್ ಬರ್ತದ. ನಿನಗ ಸಿಲೆಬಸ್ ಯಾಕ ಬೇಕು ಈಗ?

ಅವಸರ ಮಾಡ್ಯಾಳ. ಸಣ್ಣದರಿಂದ ಸುರು ಮಾಡಬೇಕು, ಮೈ ಸಡಲ ಬಿಡೂ ತನಕ ತಡೀಬೇಕು. ದೊಡ್ಡದು ತಂದ್ರ ದೊಡ್ಡ ಸುಖ ಅಂತ ಯಾವ ಶಾಸ್ತ್ರದಾಗೂ ಬರದಿಲ್ಲ. ಮತ್ತ ಜೆಲ್ಲಿ ಬೇಕು, ನೀರಿನ ಜೆಲ್ಲಿ. ಮೆಡಿಕಲ್ ಅಂಗಡ್ಯಾಗ ಸಿಗ್ತದ, ಕೇಳಾಕ ಬಾಯಿ ಬೇಕು ಅಷ್ಟೇ. ಆಕಿ ಬಾಯಿ ಇಲ್ಲದಾಕಿ. ಏನು ಹಚ್ಯಾಳ ಹೇಳು ನೋಡೋಣ... ಕೊಬ್ಬರಿ ಎಣ್ಣಿ ಅಲ್ಲ. ಬ್ಯಾಸಗಿಗೆ ನೆತ್ತಿಗೆ ಹಚ್ಚೂ ತಂಪೆಣ್ಣಿ. ಕರ್ಪೂರ ಇರ್ತದ ಅದರಾಗ. ಬಾಟಲಿ ಮ್ಯಾಲೆ ತಂಪು ಅಂತ ಬರದದ, ಮೊದಲು ತಂಪೇ ಅನಿಸ್ತು, ಆಮ್ಯಾಲ ಬೆಂಕಿ ಹತ್ತಿದಂಗಾತು... ಆತಂತ. ಆಕಿಗೆ.

ಇದನ್ನ ಗಿರಾಕಿಗೆ ನೀ ಹೇಳಬೇಕಿತ್ತು. ಮೊದಲೂ ತೊಳಿ, ಆಮ್ಯಾಲೂ ತೊಳಿ, ಸಾದಾ ಸಾಬೂನು ಸಾಕು. ಒಣಗಿಸಿ ಹತ್ತಿ ಚೀಲದಾಗ ಇಡು. ನೋವಾದ್ರ ಅಲ್ಲಿಗೇ ನಿಲ್ಲಿಸು, ಹಟಕ್ಕ ಬೀಳಬ್ಯಾಡ. ರಕ್ತ ಬಂದು ನಿಲ್ಲಲಿಲ್ಲ ಅಂದ್ರ ಡಾಕ್ಟರ ಕಡೆ ಹೋಗು. ಅಷ್ಟು ಹೇಳಾಕ ಏನು ಎಂ.ಎಸ್ಸಿ ಮಾಡಬೇಕಾ?

ನಿಂತಿಲ್ಲ. ರಕ್ತ ಭಾಳ ಏನಿಲ್ಲ... ಆದ್ರ ನಿಂತಿಲ್ಲ.

ಹೋಗವಲ್ಲಳು. ನಾ ಹೇಳಿ ಹೇಳಿ ಸಾಕಾಗೇದ. ಶಹಾಪುರದ ಲೇಡಿ ಡಾಕ್ಟರ ಮಗಳು ನಮ್ಮ ಕ್ಲಾಸಿನಾಗೇ ಅದಾಳ. ಏನಂತ ಹೇಳಲಿ ಅಂತಾಳ. ಬಚ್ಚಲದಾಗ ಬಿದ್ದೆ ಅಂತ ಹೇಳೂ ವಿಚಾರ ಅದ ಆಕೀದು. ಬಿದ್ರ ಹಂಗಾಗ್ತದೇನು? ಡಾಕ್ಟರು ಏನು ಸುಮ್ನ ಓದಿ ಬಂದಾರಾ? ಇದ್ದದ್ದು ಇದ್ದಂಗ ಹೇಳಿದ್ರ ಒಂದು ಮುಲಾಮು ಬರದು ಕೊಡ್ತಾರ, ಮನಿಗೆ ಕಳಸ್ತಾರ. ಅವ್ರಿಗೆ ಇದೇನು ಹೊಸಾದಲ್ಲ. ಆಕಿಗೆ ಹೊಸಾದು. ಇಲ್ಲಿ ಸುರಪುರದಾಗ ನಿನಗ ಗೊತ್ತಿದ್ದ ಡಾಕ್ಟರಮ್ಮ ಯಾರರ ಇದ್ರ ಹೇಳು... ಆಕಿಗೆ ತಿಳಸ್ತೀನಿ.

ಏನಂದಿ? ಒಂದೇ ಮಾರೀಯಾ? ಇಷ್ಟು ದಿನದಾಗ ಒಂದೇ?

ಹಂಗಾದ್ರ ಆಕಿ ನಿನಗ ನೆನಪಿರಬೇಕು. ಮುಖಕ್ಕ ಹಸರು ಓಡ್ನಿ ಬಿಗದು ಬಂದಿದ್ಳು. ಬಾಯಿ ಬಿಡಲಿಲ್ಲ, ಬೆರಳು ಮಾಡಿ ತೋರಿಸಿದ್ಳು, ತಗೊಂಡು ಹೋದ್ಳು... ಆಕೀನೇ ಹೇಳಿದ್ಳು, ನನಗ ಮತ್ತ ಹ್ಯಾಂಗ ಗೊತ್ತಾಗಬೇಕು?

ಏನು ನೋಡಾಕತ್ತಿ?

ಇದಾ? ಇದು ಕಲೆ. ಸಿಲ್ವರ್ ನೈಟ್ರೇಟ್, ಲ್ಯಾಬಿನಾಗ ಈ ಓಡ್ನಿ ಮ್ಯಾಲೆ ಬಿತ್ತು. ಬಿಸಲಿಗೆ ಕರ್ರಗಾಗ್ತದ, ಎಷ್ಟು ತೊಳದ್ರೂ ಹೋಗೂದಿಲ್ಲ... ಆಕಿಗೂ ಆವತ್ತು ಇದನ್ನೇ ಕೊಟ್ಟಿದ್ದೆ. ಬಸ್ಸಿನಾಗ ಧೂಳು ಭಾಳ ಅಂದ್ಳು. ಓಡ್ನಿ ಕೊಡೂದು ತಗೊಳ್ಳೂದು ಹೆಣ್ಮಕ್ಕಳಾಗ ಇರ್ತದ. ಇರೂದಿಲ್ಲೇನು?

ಏನರ ಅನ್ನು. ಬೈಯೂದಿದ್ರ ಬೈ. ಹೆಸರು ಮೌನೇಶ್ವರಿ ಇಟ್ಟಾರಂತ ಹಿಂಗ ಬಾಯಿ ಮುಚ್ಚಿ ನಿಲ್ಲೂದಾ? ಸಾಲ್ಯಾಗ ನಿನ್ನ ಬಾಯಿ ಮುಚ್ಚಸಾಕ ಮೂರು ಮಂದಿ ಬೇಕಾಗ್ತಿತ್ತು.

ಸ್ಟೂಲ್ ಯಾಕ ಒಳಗ ಇಟ್ಟಿ?

ಶಟರ್ ಯಾಕ ಎಳೀತಿ? ಹಗಲೊತ್ತಿನಾಗ, ಸಂತಿ ದಿನ. ಅಲ್ಲಿ ನೋಡು, ಗಿರಾಕಿ ಬರಾಕತ್ತಾರ... ಕೇಳು, ನಾ ಆಕೀನ ನಾಳೆ ಕರಕೊಂಡು ಬರ್ತೀನಿ. ನಾಳೆ ಕ್ಲಾಸಿಲ್ಲ. ಮೌನಿ...

ಕೈ ಬಿಡು. ತಡಿ, ಈ ಓಡ್ನಿ ಮುಖಕ್ಕ ಕಟ್ಟಿಕೊಂತೀನಿ.

ಬ್ಯಾಡಾ? ಆತು. ಬ್ಯಾಡ ಬಿಡು.

ಆದ್ರ ಆಟೋ ಕರೀಬ್ಯಾಡ. ಆಟೋದಾಗ ಕೂಡಬೇಕಾಗ್ತದ. ಡಾಕ್ಟರಮ್ಮನ ಕಡೆ ನಡಕೊಂತ ಹೋಗೋಣ... ಸಾವಕಾಶ.